ಮೆಟ್ಟಿಲ ಬಾಗಿಲ ಬೋರ್ಡು

ಸೋಮವಾರ ಬೆಳಗ್ಗೆ ಮಾಲಾ ಸದ್ದಿಲ್ಲದೆ ಮೂರನೇ ಅಂತಸ್ತಿನ ನೆಲ ಒರೆಸುತ್ತಿದ್ದಳು. ಶನಿವಾರ ಕೆಳಗಿನ ಮೀಟರ್ ಪೆಟ್ಟಿಗೆಗೆ ಬೆಂಕಿ ಹತ್ತಿ, ಹೊಗೆ ಮೇಲಕ್ಕೆ ನುಗ್ಗಿ ಗೋಡೆಗಳು ಮಾಸಿದ್ದವು. ಕರೆಂಟು ಇನ್ನೂ ಬಂದಿರಲಿಲ್ಲ. ಭಾನುವಾರ ಬೆಳಗ್ಗೆಯೇ ಅವ್ವನೂ ತಾನೂ ಉಜ್ಜಿ ಉಜ್ಜಿ ತೊಳೆದ ನೆಲವಿದು. ಆದರೂ ಮೆಟ್ಟಿಲ ಬಾಗಿಲ ಬುಡದಲ್ಲಿ ಒಂದು ಹಿಡಿ ಬಿಳಿ ಪುಡಿ ಬಿದ್ದಿತ್ತು. ಅದನ್ನು ಬಟ್ಟೆಯಲ್ಲಿ ಬಳಿದು ಬಕೆಟ್ಟಿಗೆ ಹಿಂಡುವಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು.

"ಕಳ್ಳಿ! ಉಂಡ ಮನೆ ಜಂತೆ ಎಣಿಸೋ ಕಳ್ಳಿ!"

ಮಾಲಾ ಇಳಿದು ಬಂದು ನೋಡಿದರೆ, ಅಪಾರ್ಟ್‌ಮೆಂಟಿನ ಯಜಮಾನ ವಿಶ್ವನಾಥ್, ಕಟ್ಟಡದ ರೂಮಿನಲ್ಲೇ ಇದ್ದು ಗುಡಿಸಿ ಒರೆಸುತ್ತಿದ್ದ ಅವಳ ಅವ್ವ ಚಿಕ್ಕಕ್ಕನನ್ನು ಎಲ್ಲರೆದುರು ನಿಲ್ಲಿಸಿಕೊಂಡಿದ್ದ. ಅವನ ಕೈಯಲ್ಲಿ 'ಹೊರಗೆ ಹೋಗುವ ದಾರಿ' ಎಂದು ಬರೆದ ಹಸಿರು ಬೋರ್ಡಿತ್ತು.

"ಮೂರನೇ ಅಂತಸ್ತಿನ ಮೆಟ್ಟಿಲ ಬಾಗ್ಲ ಮ್ಯಾಲೆ ಎರಡು ವರ್ಷದಿಂದ ಇದ್ದ ಬೋರ್ಡು. ಇವಳ ಗುಜರಿ ಚೀಲದಾಗೆ ಸಿಕ್ತು. ಬೆಂಕಿ ಬೀಳೋಕೆ ಮುಂಚೆನೇ ಕಿತ್ತವ್ಳೆ. ಇದಿಲ್ಲದ್ದಕ್ಕೇ ಶಾರದಮ್ಮ ಬಿದ್ದಿದ್ದು!"

ಮೂರನೇ ಅಂತಸ್ತಿನಲ್ಲಿದ್ದ ಶಾರದಮ್ಮ ಬಿದ್ದದ್ದು ನಿಜ. ಮೆಟ್ಟಿಲ ಬಾಗಿಲಿಗೂ ಪಕ್ಕದ ಸಾಮಾನು ಕೋಣೆಯ ಬಾಗಿಲಿಗೂ ಒಂದೇ ಬಣ್ಣ. ಹೊಗೆಯಲ್ಲಿ ಗೊತ್ತಾಗದೆ ಆ ಕೋಣೆಗೆ ನುಗ್ಗಿ, ಎಡವಿ, ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು.

"ದೇವರಾಣೆ, ಆ ಬೋರ್ಡು ನಾನು ಕಂಡೇ ಇಲ್ಲ" ಎಂದಳು ಚಿಕ್ಕಕ್ಕ.

"ಹನ್ನೊಂದಕ್ಕೆ ಅಗ್ನಿಶಾಮಕದ ಆಫೀಸರ್ ಬರ್ತಾರೆ. ಅವರ ಮುಂದೇನೇ ಪೊಲೀಸ್ರಿಗೆ ಕೊಡ್ತೀನಿ. ಸಂಜೆಯೊಳಗೆ ರೂಮು ಖಾಲಿ ಮಾಡ್ರಿ."

ಏಳನೇ ತರಗತಿಗೇ ಶಾಲೆ ಬಿಟ್ಟವಳು ಮಾಲಾ. ನಾಲ್ಕು ಜನರ ಮುಂದೆ ಮಾತು ಹೊರಡುತ್ತಿರಲಿಲ್ಲ. ಅವಳು ಓಡಿದ್ದು ಮೊದಲನೇ ಅಂತಸ್ತಿನ ಸುಲೋಚನಮ್ಮನ ಮನೆಗೆ. ಮೊಳಕಾಲ್ಮುರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ಚಳ್ಳಕೆರೆಗೆ ಬಂದು ನೆಲೆಸಿದ್ದ ಆಕೆ, ಕಟ್ಟಡದಲ್ಲಿ ಏನೇ ಕಳೆದರೂ ಹುಡುಕಿಕೊಡುತ್ತಿದ್ದರು. ಮಂಡಿನೋವಿನ ಆಕೆಗೆ ಮಾಲಾಳೇ ಕಣ್ಣು, ಮಾಲಾಳೇ ಕಾಲು.

"ಅಳಬ್ಯಾಡ. ಏನೇನು ನೋಡಿದೆ, ಅಷ್ಟೂ ಹೇಳು" ಎಂದರು ಸುಲೋಚನಮ್ಮ.

ಮಾಲಾ ಬಿಳಿ ಪುಡಿಯ ಸಂಗತಿ ಹೇಳಿದಳು. ಆಕೆ ಕೋಲು ಹಿಡಿದು, ನಿಂತು ನಿಂತು ಮೂರು ಅಂತಸ್ತು ಹತ್ತಿದರು. ಮೆಟ್ಟಿಲ ಬಾಗಿಲ ಮೇಲಿನ ಗೋಡೆಯಲ್ಲಿ ನಾಲ್ಕು ತೂತುಗಳಿದ್ದವು. ಹೊಗೆ ಹಿಡಿದ ಗೋಡೆಯಲ್ಲಿ ಅವುಗಳ ಅಂಚು ಮಾತ್ರ ಸುಣ್ಣದಷ್ಟು ಬೆಳ್ಳಗಿತ್ತು. ತೂತುಗಳ ನಡುವೆ ವಿಭೂತಿಯ ಮೂರು ಪಟ್ಟೆ ಮಸುಕಾಗಿ ಕಾಣುತ್ತಿತ್ತು.

"ಇದು ಯಾರು ಬಳಿದಿದ್ದು?"

"ಅವ್ವ. ಹೋದ ತಿಂಗಳು ಆಯುಧಪೂಜೆಗೆ."

ಸುಲೋಚನಮ್ಮ ಕತ್ತೆತ್ತಿ ತೂತು, ಪಟ್ಟೆ ಎರಡನ್ನೂ ನೋಡಿದರು. ಆಮೇಲೆ ಕೇಳಿದರು: "ನಿನ್ನೆ ಮಧ್ಯಾಹ್ನ ಜನರೇಟರ್ ಸದ್ದಾಯ್ತಲ್ಲ, ಆಗ ನೀವೆಲ್ಲಿದ್ರಿ?"

"ಶಾರದಮ್ಮಾರಿಗೆ ಊಟ ತಗಂಡು ಆಸ್ಪತ್ರೆಗೆ ಹೋಗಿದ್ವಿ. ಬಂದ ಮ್ಯಾಲೆ ನಿಮಗೆ ನೀರು ಹೊತ್ತು ತಂದೆ. ನಲ್ಲೀಲಿ ಹನಿ ನೀರಿರಲಿಲ್ಲ."

ಹನ್ನೊಂದಕ್ಕೆ ಆಫೀಸರ್ ಬಂದಾಗ ಸುಲೋಚನಮ್ಮ ಎಲ್ಲರನ್ನೂ ಮೂರನೇ ಅಂತಸ್ತಿಗೆ ಕರೆಸಿದರು.

"ವಿಶ್ವಣ್ಣ, ನಿನ್ನೆ ಜನರೇಟರ್ ಯಾಕೆ ಹಾಕಿದ್ದೆ?"

"ಮೋಟ್ರಿಗೆ. ಟ್ಯಾಂಕ್ ತುಂಬಿಸಿದೆ. ನಿಮಗೆ ನೀರು ಬ್ಯಾಡ್ವಾ?"

"ತುಂಬಿಸಿದೆಯಾ?" ಎರಡನೇ ಅಂತಸ್ತಿನ ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪ ನಕ್ಕರು. "ನಾನು ಎರಡು ದಿನದಿಂದ ಕ್ಯಾನ್ ನೀರಲ್ಲಿ ಮುಖ ತೊಳಿತಿದ್ದೀನಿ ಕಣಪ್ಪ. ನಿನ್ನ ಟ್ಯಾಂಕ್ ಎಲ್ಲೈತೆ, ಪರಶುರಾಂಪುರದಾಗಾ?"

ಯಾರೋ ಕಿಸಕ್ಕನೆ ನಕ್ಕರು. ವಿಶ್ವನಾಥ್ ಮುಖ ಸಿಂಡರಿಸಿದ.

"ಆಫೀಸರ್ರೇ, ತೂತು ನೋಡ್ರಿ" ಎಂದರು ಸುಲೋಚನಮ್ಮ. "ಬೆಂಕಿಗೆ ಮುಂಚೆ ಬೋರ್ಡು ಕಿತ್ತಿದ್ರೆ ತೂತಿನ ಅಂಚಿಗೂ ಮಸಿ ಹಿಡೀಬೇಕಿತ್ತು. ಗೋಡೆ ಕರ್ರಗೈತೆ, ಅಂಚು ಬೆಳ್ಳಗೈತೆ. ಅಂದ್ರೆ ಹೊಗೆ ಆರಿದ ಮ್ಯಾಲೆ ಕೊರೆದಿದ್ದು. ನಿನ್ನೆ ಬೆಳಗ್ಗೆ ತೊಳೆದ ನೆಲದ ಮ್ಯಾಲೆ ಇವತ್ತು ಗೋಡೆ ಪುಡಿ ಬಿದ್ದಿತ್ತು. ಇಷ್ಟು ನುಣ್ಣಗೆ ಕೊರೆಯೋಕೆ ಮಿಷನ್ನೇ ಬೇಕು, ಮಿಷನ್ನಿಗೆ ಕರೆಂಟು ಬೇಕು. ಎರಡು ದಿನದಿಂದ ಇಲ್ಲಿ ಕರೆಂಟಿಲ್ಲ. ಇದ್ದಿದ್ದು ಜನರೇಟರ್ ಓಡಿದಾಗ ಮಾತ್ರ. ಅದರ ಕೀಲಿ ಯಾರ ಸೊಂಟದಾಗೈತೆ?"

ಎಲ್ಲರ ಕಣ್ಣೂ ವಿಶ್ವನಾಥನ ಕೀಲಿಗೊಂಚಲಿನ ಮೇಲೆ ಬಿದ್ದವು.

"ತೂತು ಸಡಿಲ ಆಗಿತ್ತು, ಬೇರೆ ಬೋರ್ಡು ಹಾಕೋಕೆ ಅಂತ ಹಳೇ ತೂತನ್ನೇ ಕೊರೆಸಿದೆ!" ವಿಶ್ವನಾಥ್ ಗುಡುಗಿದ. "ಬೋರ್ಡು ಮೊದಲಿಂದ ಇದ್ದದ್ದು ಸುಳ್ಳಾ?"

"ಸುಳ್ಳು. ಆಯುಧಪೂಜೆ ದಿನ ಚಿಕ್ಕಕ್ಕಂಗೆ ಏನು ಹೇಳಿದ್ದೆ?"

"ಎಲ್ಲಾ ಬಾಗ್ಲ ಮ್ಯಾಲೂ ವಿಭೂತಿ ಬಳಿ ಅಂದೆ. ಅದಕ್ಕೇನೀಗ?"

"ಆ ಬೋರ್ಡು ಕೊಡು." ಸುಲೋಚನಮ್ಮ ಅದನ್ನು ಮಾಲಾಳ ಕೈಗಿತ್ತರು. ಮಾಲಾ ಸ್ಟೂಲು ಹತ್ತಿ ತೂತುಗಳಿಗೆ ಸರಿಯಾಗಿ ಹಿಡಿದಳು. ವಿಭೂತಿಯ ಪಟ್ಟೆಗಳು ಪೂರ್ತಿ ಮುಚ್ಚಿಹೋದವು. ತೆಗೆದಳು, ಮೂರೂ ಪಟ್ಟೆ ಮತ್ತೆ ಕಂಡವು.

"ಎರಡು ವರ್ಷದಿಂದ ಬೋರ್ಡು ಅಲ್ಲೇ ಇದ್ದಿದ್ರೆ ವಿಭೂತಿ ಬೋರ್ಡಿನ ಮ್ಯಾಲೆ ಇರಬೇಕಿತ್ತು, ಹಿಂದಿನ ಗೋಡೇಲಲ್ಲ. ವಿಶ್ವಣ್ಣ, ನಿಮ್ಮ ಮನೇಲಿ ಹುಟ್ಟಿದಾಗಿಂದ ಬಾಗ್ಲ ಮ್ಯಾಲೆ ವಿಭೂತಿ ನೋಡಿದ್ದೀಯ. ಅದು ನಿನ್ನ ಕಣ್ಣಿಗೆ ಗೋಡೆನೇ ಆಗಿಬಿಟ್ಟೈತೆ, ಅದಕ್ಕೇ ತೂತು ಕೊರೆಯೋವಾಗ ಕಾಣಲೇ ಇಲ್ಲ. ಕಾನೂನು ಕೇಳೋ ಬೋರ್ಡು ಹಾಕಲೇ ಇಲ್ಲ ನೀನು. ಶಾರದಮ್ಮ ಬಿದ್ದ ಮ್ಯಾಲೆ ಹೊಸಾದು ತಂದು, ತೂತು ಕೊರೆದು, ಬೋರ್ಡನ್ನ ಈ ಬಡಪಾಯಿ ಚೀಲಕ್ಕೆ ಹಾಕಿದೆ. ಹಾಕಿದ್ದು ಯಾಕೆ, ಇವಳು ಕದ್ದಳು ಅನ್ನೋಕೆ."

ಆಫೀಸರ್ ಗೋಡೆಯ ಫೋಟೊ ತೆಗೆದುಕೊಂಡರು. ಬೋರ್ಡನ್ನೂ ವಶಕ್ಕೆ ಪಡೆದರು. "ಒಂದು ಅಂತಸ್ತಿನಲ್ಲೂ ಬೋರ್ಡಿಲ್ಲ. ನೋಟಿಸು ಬರುತ್ತೆ, ಕೇಸೂ ಆಗುತ್ತೆ" ಎಂದರು.

"ಆಯ್ತಲ್ಲ, ಇನ್ನು ಕೆಲಸ ನೋಡ್ಕಳ್ಳಿ" ಎನ್ನುತ್ತ ವಿಶ್ವನಾಥ್ ಮೆಟ್ಟಿಲ ಕಡೆ ತಿರುಗಿದ. "ಚಿಕ್ಕಕ್ಕ, ರೂಮು ಖಾಲಿ ಮಾಡಬ್ಯಾಡ, ಇರ್ಲಿ ಬಿಡು."

ಅವ್ವ ತಲೆಬಗ್ಗಿಸಿ ಪೊರಕೆಗೆ ಕೈ ಹಾಕಿದಳು. ಮಾಲಾ ಸ್ಟೂಲಿನಿಂದ ಇಳಿದು ಆ ಪೊರಕೆಯನ್ನು ಅವಳ ಕೈಯಿಂದ ಕಿತ್ತಿಟ್ಟಳು. ನೇರವಾಗಿ ಹೋಗಿ ಮೆಟ್ಟಿಲ ಬಾಗಿಲಿಗೆ ಅಡ್ಡ ನಿಂತಳು.

"ಯಜಮಾನ್ರೇ, ಬೆಳಗ್ಗೆ ನಮ್ಮವ್ವನ್ನ ಎಲ್ಲರಿಗೂ ಕೇಳಂಗೆ ಕಳ್ಳಿ ಅಂದ್ರಿ. ಈಗ ಎಲ್ಲರಿಗೂ ಕೇಳಂಗೆ, ಕಳ್ಳಿ ಅಲ್ಲ ಅನ್ರಿ."

ವಿಶ್ವನಾಥ್ ಪಕ್ಕಕ್ಕೆ ಸರಿದು ದಾಟಲು ನೋಡಿದ. ಮಾಲಾ ಬಾಗಿಲ ಚೌಕಟ್ಟು ಹಿಡಿದಳು.

"ಒಂದೇ ಮಾತು, ಅನ್ರಿ."