ಮೇಲಿನ ಮನೆಗೆ ದೊಡ್ಡ ಲಾರಿ

ಹದಿನಾಲ್ಕು ವರ್ಷಗಳ ನಂತರ ಒಬ್ಬನಿಗೆ ಎದುರಾಗುವಾಗ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಇರಬಾರದು. ನನ್ನ ಕೈಯಲ್ಲಿತ್ತು. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು, ಬಂದ ಕೆಲಸ ಮುಗಿಸುವ ಮೊದಲೇ ಸೊಪ್ಪು ಚೆನ್ನಾಗಿದೆಯೆಂದು ಕೊಂಡುಬಿಟ್ಟಿದ್ದೆ.

ಬಂದ ಕೆಲಸವೆಂದರೆ ರಿಮೋಟ್ ಲಾರಿ ಕೊಳ್ಳುವುದು. ಮಕ್ಕಳಿಗಲ್ಲ, ಅಪ್ಪನಿಗೆ. ಅಪ್ಪ ಚೆನ್ನರಾಯಪ್ಪನವರು ಮೂವತ್ತೈದು ವರ್ಷ ನಿಜವಾದ ಲಾರಿ ಓಡಿಸಿದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಕಾಲು ಸರಿಹೋಯಿತು, ಕೈ ಅರ್ಧ ಸರಿಹೋಯಿತು, ಮನಸ್ಸು ಮಾತ್ರ ಹಾಗೇ ಉಳಿಯಿತು. ಶಿಡ್ಲಘಟ್ಟದ ನಮ್ಮ ಮೇಲಿನ ಮನೆಯಿಂದ ಅವರು ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆಯೂ ಕೆಳಗೆ ಇಳಿದಿರಲಿಲ್ಲ. ಇಳಿಯಲು ಆಗುತ್ತಿತ್ತು. ಜೋತುಬಿದ್ದ ಕೈಯನ್ನು ಬೀದಿಯವರು ನೋಡುವುದು ಬೇಡ ಎನ್ನುವ ಹಠ, ಅಷ್ಟೆ. ಹಠ ನಮ್ಮ ಮನೆಯ ಆಸ್ತಿ, ನನಗೂ ಪಾಲು ಬಂದಿದೆ.

"ಸ್ಪಾಂಜು ಹಿಂಡಿ ಅಂದ್ರೆ ಹಿಂಡಲ್ಲ ಅವ್ರು. ಲಾರಿ ಕೊಟ್ಟು ನೋಡಿ ಮೇಡಂ. ರಿಮೋಟಿನ ಟ್ರಿಗರ್ ಎಡಗೈ ಬೆರಳಿಗೇ ಬರುತ್ತೆ" ಎಂದು ವ್ಯಾಯಾಮ ಮಾಡಿಸುವ ಡಾಕ್ಟರು ಹೇಳಿ, ಚಿಂತಾಮಣಿಯ ಒಂದು ಅಂಗಡಿಯ ಗುರುತು ಕೊಟ್ಟಿದ್ದರು. ಹೊಂಗೆ ಮರ, ಅದರ ಹಿಂದೆ ನೀಲಿ ಶೆಡ್ಡು. ಮರ ಕಂಡ ಮೇಲೆ ನನ್ನ ಕಾಲು ನಿಧಾನವಾಯಿತು.

ಅದು ಹಿಂದೆ ನರಸಿಂಹಮೂರ್ತಿಯವರ ಲಾರಿ ಪೇಂಟಿಂಗ್ ಶೆಡ್ಡಾಗಿತ್ತು. ನನಗೆ ಹತ್ತೊಂಬತ್ತಾಗಿದ್ದಾಗ ನಾವು ಚಿಂತಾಮಣಿಯಲ್ಲೇ ಇದ್ದೆವು. ಅಪ್ಪನ ಹೊಸ ಲಾರಿ ಹನ್ನೆರಡು ದಿನ ಇಲ್ಲಿ ನಿಂತಿತ್ತು, ನಾನು ಹನ್ನೆರಡು ದಿನವೂ ಅಪ್ಪನಿಗೆ ಊಟದ ಕ್ಯಾರಿಯರ್ ತಂದಿದ್ದೆ. ಲಾರಿಯವರಲ್ಲಿ ಒಂದು ಪದ್ಧತಿ. ಮುಂದಿನ ಗಾಜಿನ ಮೇಲ್ಗಡೆ, ಲಾರಿಯ ಹಣೆಗೆ, ಬರೆಸುವುದು ದೇವರ ಹೆಸರು, ಇಲ್ಲದಿದ್ದರೆ ಮಗಳ ಹೆಸರು. ಹೆಂಡತಿಯ ಹೆಸರು ಬರೆಸಿದವನನ್ನು ಜೊತೆಯ ಡ್ರೈವರುಗಳು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅಪ್ಪ ನನ್ನ ಹೆಸರು ಬರೆಸಿದರು. ಬರೆದವನು ನರಸಿಂಹಮೂರ್ತಿಯವರ ಮಗ ವೇಣು.

ತನುಜ. ಮೂರಕ್ಷರ. ಅವನು ಮೂರು ದಿನ ತೆಗೆದುಕೊಂಡ. ಹಳದಿ ಸಾಕಾ, ಬಿಳಿ ಅಂಚು ಬೇಕಾ ಎಂದು ಕೇಳಿದ್ದು ಲಾರಿಯ ಯಜಮಾನನನ್ನಲ್ಲ, ಕ್ಯಾರಿಯರ್ ಹಿಡಿದು ನಿಂತವಳನ್ನು. ನಾನು ಬಿಳಿ ಅಂಚು ಬೇಕು ಎಂದೆ. ಏಣಿಯ ಮೇಲಿಂದ ಅವನು ಒಮ್ಮೆ ನನ್ನ ಮುಖ ನೋಡುವುದು, ಒಮ್ಮೆ ಅಕ್ಷರ ನೋಡುವುದು, ಎರಡೂ ಹೊಂದುತ್ತವೆಯೋ ಇಲ್ಲವೋ ಎಂಬಂತೆ. ಕೊನೆಯ ದಿನ ಕೆಳಗಿಳಿದು, "ಗಾಡಿ ಮುಗೀತು. ಇನ್ನು ಬರಲ್ವಾ?" ಎಂದ. "ಗಾಡಿ ಮುಗಿದ ಮೇಲೆ ಯಾಕೆ ಬರ್ಲಿ?" ಎಂದೆ. ಅವನು ಏನು ಹೇಳುತ್ತಾನೋ ಕೇಳೋಣವೆಂದೇ ಹಾಗೆ ಅಂದಿದ್ದು. ಅವನು ಏನೂ ಹೇಳದೆ ಬ್ರಷ್ ಒರೆಸುತ್ತ ನಿಂತ. ಆ ವರ್ಷವೇ ನಾವು ಶಿಡ್ಲಘಟ್ಟಕ್ಕೆ ಬಂದೆವು.

ಇಷ್ಟೇ ಕಥೆ. ಇಷ್ಟನ್ನು ಹದಿನಾಲ್ಕು ವರ್ಷ ಜೋಪಾನ ಮಾಡಿದ್ದೇನೆ ಎಂದರೆ ಯಾರಾದರೂ ನಕ್ಕಾರು ಎಂದು ಯಾರಿಗೂ ಹೇಳಿರಲಿಲ್ಲ. ಬಂದ ಗಂಡುಗಳಿಗೆಲ್ಲ ಒಂದೊಂದು ನೆಪ ಹೇಳಿ ಕಳಿಸಿದ್ದೆ. ಅಮ್ಮ ಹೋದ ಮೇಲೆ ಅಪ್ಪನೇ ನೆಪವಾದರು.

ಈಗ ಶೆಡ್ಡಿನ ತುಂಬ ಕಪಾಟುಗಳು, ಕಪಾಟುಗಳ ತುಂಬ ಪುಟ್ಟ ಲಾರಿಗಳು, ಜೀಪುಗಳು. ಮೇಜಿನ ಮುಂದೆ ಬಗ್ಗಿ ತಂತಿ ಬೆಸೆಯುತ್ತಿದ್ದವನು ತಲೆ ಎತ್ತಿದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಕಣ್ಣು ಮಾತ್ರ ಅದೇ, ಏಣಿಯ ಮೇಲಿನದು.

"ತನುಜ ಅವ್ರಲ್ವಾ?"

"ಹೌದು. ಲಾರಿ ಬೇಕಿತ್ತು."

ಅವನು ನನ್ನ ಕೈ ನೋಡಿದ. "ಕೊತ್ತಂಬರಿ ಸಾಗಿಸೋಕಾ?"

ನಗಬಾರದೆಂದುಕೊಂಡೆ. ನಕ್ಕೆ. ಅಪ್ಪನ ಸಂಗತಿ ಹೇಳಿದೆ. ಅವನ ಮುಖ ಸಪ್ಪಗಾಯಿತು, ಆಮೇಲೆ ಅಂಗಡಿಯವನ ಮುಖವಾಯಿತು.

"ಮೇಲಿನ ಮನೇನಾ, ಕೆಳಗಿನದಾ?"

"ಮೇಲಿಂದು. ಎರಡೇ ರೂಮು."

"ಹಂಗಾದ್ರೆ ಒನ್ ಬೈ ಟ್ವೆಂಟಿಫೋರ್ ತಗೊಳ್ಳಿ, ನಿಜವಾದ ಲಾರೀಲಿ ಇಪ್ಪತ್ನಾಲ್ಕನೇ ಒಂದು ಪಾಲು. ಗೇಣಿಗಿಂತ ಒಂಚೂರು ಉದ್ದ. ಮಂಚದ ಕೆಳಗೂ ಹೋಗುತ್ತೆ, ನಾಲ್ಕು ಪುಸ್ತಕ ಇಟ್ರೆ ಗುಡ್ಡದ ಹಂಗೆ ಹತ್ತುತ್ತೆ. ಬಿದ್ರೂ ಒಡೆಯಲ್ಲ. ಒನ್ ಬೈ ಏಯ್ಟ್ ಆದ್ರೆ ಇಷ್ಟುದ್ದ" ಎಂದು ಎರಡೂ ಕೈ ಚಾಚಿದ. "ಅದಕ್ಕೆ ನೆಲ ಬೇಕು, ಬಯಲು ಬೇಕು. ಕೆಳಗಿನ ನಂಬರ್ ಕಮ್ಮಿ ಆದಷ್ಟೂ..."

"ಗಾಡಿ ದೊಡ್ಡದಾಗುತ್ತೆ. ಲೆಕ್ಕದ ಟೀಚರ್ ನಾನು."

"ಅಯ್ಯೋ, ನಿಮಗೆ ಭಿನ್ನರಾಶಿ ಹೇಳ್ಕೊಡೋಕೆ ಹೊರಟೆನಲ್ಲ."

ಆಗಲೇ ಮೇಲಿನ ಕಪಾಟಿನಲ್ಲಿದ್ದ ದೊಡ್ಡ ಲಾರಿ ಕಂಡಿತು. ತಗಡು ಬಡಿದು, ಮರ ಕೂಡಿಸಿ, ಕೈಯಿಂದಲೇ ಕಟ್ಟಿದ ಬಾಡಿ, ನಮ್ಮ ಕಡೆಯ ಲಾರಿಯೇ. ಹಣೆಯ ಮೇಲೆ ಹಳದಿ ಅಕ್ಷರ, ಬಿಳಿ ಅಂಚು. ತನುಜ.

ಲಾರಿಯವನ ಮಗಳಿಗೆ ಅರ್ಥ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು? ಹಣೆಯ ಮೇಲಿನ ಹೆಸರು ಮಗಳದು. ಇವನಿಗೆ ಮದುವೆಯಾಗಿದೆ, ಮಗಳಿದ್ದಾಳೆ, ಅವಳಿಗೆ ನನ್ನ ಹೆಸರಿಟ್ಟಿದ್ದಾನೆ. ಒಂದು ಕ್ಷಣ ಸಂತೋಷವಾಯಿತು. ಮರುಕ್ಷಣ ಆ ಸಂತೋಷದ ಮೇಲೆಯೇ ಸಿಟ್ಟು ಬಂತು.

"ಆ ದೊಡ್ಡದು?" ಎಂದೆ.

"ಅದು ಮಾರೋಕಲ್ಲ." ತಟ್ಟನೆ ಹೇಳಿ, ಹೋಗಿ ಅದಕ್ಕೆ ಅಡ್ಡ ನಿಂತ. "ನಿಮಗೆ ಚಿಕ್ಕದೇ ಸಾಕು."

ಚಿಕ್ಕದನ್ನೇ ಕೊಂಡು ಬಸ್ಸು ಹತ್ತಿದೆ. ಊರು ದಾಟಿದ ಮೇಲೆ ನೋಡಿದರೆ ಕೈಯಲ್ಲಿ ಕೊತ್ತಂಬರಿ ಇರಲಿಲ್ಲ.

ಎರಡು ದಿನದ ನಂತರ ಫೋನಿಗೆ ಮೆಸೇಜು. ಬಿಲ್ಲಿಗೆಂದು ನಂಬರ್, ವಿಳಾಸ ಕೊಟ್ಟಿದ್ದೆ. "ನಿಮ್ಮ ಕೊತ್ತಂಬರಿ ಇಲ್ಲೇ ಇದೆ. ಬಾಡ್ತಾ ಇದೆ."

"ಚಟ್ನಿ ಮಾಡಿ" ಎಂದು ಬರೆದೆ.

"ಮೊನ್ನೇನೇ ಮಾಡಾಯ್ತು. ಸುಮ್ನೆ ಹೇಳ್ದೆ."

ಸ್ಟಾಫ್‌ರೂಮಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಚಟ್ನಿ ಅರೆದದ್ದು ಅವನ ಹೆಂಡತಿಯೇ ಇರಬೇಕು ಎಂದು ಹೊಳೆದು ಫೋನು ಮಗುಚಿಟ್ಟೆ.

ಮನೆಯಲ್ಲಿ ಚಿಕ್ಕ ಲಾರಿ ಮಾನ ಕಳೆಯುತ್ತಿತ್ತು. ಅಪ್ಪನ ಬೆರಳು ಟ್ರಿಗರಿನ ಮೇಲೆ ಸ್ವಲ್ಪ ಭಾರ ಬಿಟ್ಟರೆ ಸಾಕು, ಅದು ಚಂಗನೆ ಹಾರಿ ಗೋಡೆಗೆ ಬಡಿಯುತ್ತಿತ್ತು. ಮೂರನೆಯ ದಿನ ಅಪ್ಪ ರಿಮೋಟ್ ಕೆಳಗಿಟ್ಟರು.

"ಇದು ಗಾಡಿಯಲ್ಲ ಕಣಮ್ಮ, ಇಲಿ. ಭಾರ ಇಲ್ಲ ಇದಕ್ಕೆ. ಭಾರ ಇಲ್ದಿರೋ ಗಾಡಿ ಮಾತು ಕೇಳಲ್ಲ."

"ದೊಡ್ಡದು ಮನೇಲಿ ಓಡಲ್ಲಪ್ಪಾ. ಕೆಳಗೆ ಇಳೀಬೇಕು."

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನು ನೋಡುತ್ತ ನನಗೆ ಮೊದಲ ಬಾರಿ ಭಯವಾಯಿತು. ಇವರು ಇನ್ನು ಇಳಿಯುವುದೇ ಇಲ್ಲ, ಇವರ ಜೊತೆ ನಾನೂ ಇಲ್ಲೇ ಮೇಲೆ ಉಳಿದುಬಿಡುತ್ತೇನೆ ಎನ್ನಿಸಿತು. ಮಾರೋಕಲ್ಲ ಎಂದವನನ್ನು ಮತ್ತೆ ಕೇಳಲು ಮಾನ ಅಡ್ಡ ಬಂತು. ಮಾನವನ್ನು ಆ ಕಡೆ ತಳ್ಳಿ ಬರೆದೆ. "ಚಿಕ್ಕದು ಆಗ್ಲಿಲ್ಲ. ಅಪ್ಪನಿಗೆ ದೊಡ್ಡದು ಬೇಕು."

"ಭಾನುವಾರ ನಾನೇ ತರ್ತೀನಿ" ಎಂದು ಉತ್ತರ ಬಂತು. ಬೆಲೆಯ ಮಾತೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವನ ಓಮ್ನಿ ವ್ಯಾನು ನಮ್ಮ ಬೀದಿಯಲ್ಲಿ ನಿಂತಿತು. ಕೆಳಗಿನ ಮನೆಯ ಗಂಗುಲಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವನು ಮೇಲೆ ಬರಲಿಲ್ಲ, ಕೂಗಲೂ ಇಲ್ಲ. ಹಿಂದಿನ ಬಾಗಿಲು ತೆಗೆದು ಲಾರಿಯನ್ನು ರಸ್ತೆಗಿಳಿಸಿ, ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದ. ಹಳೆಯ ಲಾರಿಗಳ ಹಾರನ್ ಕೂಗಿತು, ಎರಡು ಸ್ವರದ್ದು.

ಒಳಗೆ ಮಂಚ ಕಿರುಗುಟ್ಟಿತು. ಎಂಟು ತಿಂಗಳು ಬಾಲ್ಕನಿಗೂ ಬಾರದ ಅಪ್ಪ ಬಂದು ಕಂಬಿ ಹಿಡಿದು ಬಗ್ಗಿದರು. ಕೆಳಗೆ ಲಾರಿ ಹಳ್ಳದಲ್ಲಿ ಇಳಿದು, ಮೈ ಓಲಾಡಿಸಿ, ನಿಧಾನವಾಗಿ ಹತ್ತಿತು.

"ಯಾವ ಶೆಡ್ಡಿನ ಬಾಡಿನಪ್ಪಾ ಅದು?"

"ನರಸಿಂಹಮೂರ್ತಿ ಶೆಡ್ಡು, ಚೆನ್ನರಾಯಣ್ಣ. ನಾನು ವೇಣು, ಅವರ ಮಗ."

"ಓ, ನೀನಾ. ಹಣೆ ಮೇಲೆ ಮಗಳ ಹೆಸರಾ?"

"ನಂಗೆ ಮಗಳಿಲ್ಲ, ಅಣ್ಣಾ."

"ಹೆಂಡ್ತೀದಾ? ಹೆಂಡ್ತಿ ಹೆಸರು ಯಾರಯ್ಯಾ ಹಾಕ್ತಾರೆ?"

"ಹೆಂಡ್ತೀನೂ ಇಲ್ಲ. ಮದ್ವೇನೇ ಆಗಿಲ್ಲ."

ಗಂಗುಲಮ್ಮನ ಕೈಯಲ್ಲಿ ಅವರೆಕಾಯಿ ಅರ್ಧಕ್ಕೆ ನಿಂತಿತು. ಅಪ್ಪ ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ಅಲ್ಲೇ ಹಗ್ಗದ ಮೇಲೆ ಒಣಗಿದ್ದ ಬಟ್ಟೆಗಳನ್ನು ಒಂದೊಂದಾಗಿ ಬಹಳ ಶ್ರದ್ಧೆಯಿಂದ ಮಡಚತೊಡಗಿದೆ.

"ಏಮ್ಮಾ, ಏಮಿ ಕಥ ಇದಿ?" ಎಂದರು ಅಪ್ಪ. ತುಂಬ ಸಿಟ್ಟು ಬಂದಾಗ, ಇಲ್ಲವೇ ತುಂಬ ಖುಷಿಯಾದಾಗ ಅಪ್ಪ ತೆಲುಗಿಗೆ ಹೋಗುತ್ತಾರೆ. ಇದು ಯಾವುದೆಂದು ತಿಳಿಯುವ ಮೊದಲೇ, "ನನ್ನ ಚಪ್ಪಲಿ ಎಲ್ಲಿ?" ಎಂದು ಕೇಳಿದರು.

ಹದಿನೆಂಟು ಮೆಟ್ಟಿಲು. ಹಿಡಿಯಲು ಹೋದ ನನ್ನ ಕೈಯನ್ನು ಎರಡು ಬಾರಿ ತಳ್ಳಿ, ಗೋಡೆ ಹಿಡಿದು, ಅಪ್ಪ ಇಳಿದರು. ಕೊನೆಯ ಮೆಟ್ಟಿಲಲ್ಲಿ ನಾನು ಅಳುತ್ತಿದ್ದೆ. ಗಂಗುಲಮ್ಮ ನೋಡಿಯೂ ನೋಡದಂತೆ ಮತ್ತೆ ಅವರೆಕಾಯಿಗೆ ಬಗ್ಗಿದರು.

ವೇಣು ರಿಮೋಟನ್ನು ಅಪ್ಪನ ಎಡಗೈಗೆ ಕೂಡಿಸಿ ಕೊಟ್ಟ. ಬೆರಳು ನಡುಗಿತು, ಲಾರಿ ನಡುಗಲಿಲ್ಲ. ಅದರ ಭಾರ ಆ ನಡುಕವನ್ನೆಲ್ಲ ನುಂಗಿಕೊಂಡು ನಿಧಾನವಾಗಿ ಮುಂದಕ್ಕೆ ಉರುಳಿತು. "ಹಾಂ, ಈಗ ಮಾತು ಕೇಳುತ್ತೆ" ಎಂದು ಅಪ್ಪ ಅದರ ಹಿಂದೆಯೇ ಬೀದಿಯ ತುದಿಗೆ ನಡೆದರು. ನಾವಿಬ್ಬರೂ ಓಮ್ನಿಯ ಪಕ್ಕ ಉಳಿದೆವು.

"ನಿಮ್ಮ ಮಗಳ ಹೆಸರು ಅಂದ್ಕೊಂಡಿದ್ದೆ" ಎಂದೆ.

ಅವನು ಹಣೆ ಚಚ್ಚಿಕೊಂಡ. "ಇಷ್ಟು ವರ್ಷ ಲಾರಿಗೆ ಹೆಸರು ಬರ್ದವನು ನಾನು. ನೋಡಿದವ್ರು ಏನು ಅಂದ್ಕೋತಾರೆ ಅಂತ ನಂಗೇ ಹೊಳೀಲಿಲ್ಲ ನೋಡಿ."

"ಮತ್ತೆ ಯಾಕೆ ಬರೆದ್ರಿ?"

"ಎಷ್ಟೋ ಹೆಸರು ಬರ್ದಿದೀನಿ. ಬರೀತಾ ಇರ್ಬೇಕು ಅನ್ಸಿದ್ದು ಅದೊಂದೇ."

ನನ್ನ ಬಾಯಿಗೆ ಬಂದದ್ದು ಜಗಳದ ಮಾತು. "ಅವತ್ತು ಚಿಕ್ಕದು ಕೊಟ್ಟು ಬೇಗ ಕಳಿಸಿಬಿಟ್ರಿ."

"ನಿಮ್ಮ ಮನೆಗೆ ಅದೇ ಸರಿ ಅಂತ ಕೊಟ್ಟೆ. ನನ್ನ ಆಸೆ ಸೇರಿಸಿ ವ್ಯಾಪಾರ ಮಾಡಬಾರ್ದಲ್ಲ. ನನ್ನ ಆಸೆ ಕೇಳಿದ್ರೆ ದೊಡ್ಡದೇ. ಅದಕ್ಕೆ ವಾರಕ್ಕೊಂದ್ಸಲ ನಾನೇ ಬಂದು ಸರ್ವೀಸ್ ಮಾಡ್ಬೇಕಾಗುತ್ತೆ."

"ನಿಜವಾಗ್ಲೂ ಬೇಕಾ?"

"ಇಲ್ಲ."

ಇಬ್ಬರೂ ನೆಲ ನೋಡಿಕೊಂಡು ನಕ್ಕೆವು.

"ಅವತ್ತು ಯಾಕೆ ಬರ್ಲಿ ಅಂತ ಕೇಳಿದ್ದೆನಲ್ಲ, ಒಂದು ಮಾತು ಹೇಳಿದ್ರೆ ಬರ್ತಿದ್ದೆ" ಎಂದೆ.

"ಗೊತ್ತಿರ್ಲಿಲ್ಲ. ನಮ್ಮಪ್ಪ ಎದುರಿಗಿದ್ರು, ಕೈಯೆಲ್ಲ ಪೇಂಟು, ಏನು ಹೇಳ್ಬೇಕೋ ತಿಳೀಲಿಲ್ಲ. ಈಗ್ಲೂ ಚೆಂದ ಮಾಡಿ ಹೇಳೋಕೆ ಬರಲ್ಲ." ಅವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ನನ್ನ ಮದ್ವೆ ಆಗ್ತೀರಾ ತನುಜ?"

"ಅಪ್ಪನ್ನ ಬಿಟ್ಟು ಎಲ್ಲೂ ಬರೋಕಾಗಲ್ಲ ನಂಗೆ."

"ಬಿಟ್ಟು ಬನ್ನಿ ಅಂತ ಯಾರಂದ್ರು? ಶೆಡ್ಡಿನ ಹಿಂದೆ ಮನೆ ಇದೆ, ಕೆಳಗಿನ ಮನೆ. ಒಂದೂ ಮೆಟ್ಟಿಲಿಲ್ಲ. ಮುಂದೆ ಬೇಕಾದಷ್ಟು ಬಯಲು. ಅವರೂ ಬರ್ಲಿ."

"ಅದನ್ನ ಅವರನ್ನೇ ಕೇಳಿ."

"ನಿಮ್ಮದು?"

"ನಂದು ಹೂಂ" ಎಂದೆ. ಹದಿನಾಲ್ಕು ವರ್ಷದ ಹಠ ಒಂದೇ ಅಕ್ಷರಕ್ಕೆ ಕರಗಿಹೋಯಿತು.

ಅವನು ಬೀದಿಯ ತುದಿಗೆ ನಡೆದ, ಅರ್ಧ ದಾರಿಯಿಂದ ಹೆಚ್ಚುಕಡಿಮೆ ಓಡಿದ. ಅಪ್ಪ ಲಾರಿ ನಿಲ್ಲಿಸಿದರು. ಅಲ್ಲಿಯ ಮಾತು ನನಗೆ ಕೇಳಿಸಲಿಲ್ಲ. ವೇಣು ಎರಡೂ ಕೈ ಆಡಿಸುತ್ತ ಏನೋ ವಿವರಿಸುತ್ತಿದ್ದ, ಅಪ್ಪ ತಲೆ ಬಗ್ಗಿಸಿ ಕೇಳುತ್ತಿದ್ದರು. ನಾನು ಓಮ್ನಿಯ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡೆ.

ಆಮೇಲೆ ಅಪ್ಪ ರಿಮೋಟನ್ನು ಅವನ ಕೈಗೆ ಕೊಟ್ಟರು. ಮೂವತ್ತೈದು ವರ್ಷದಲ್ಲಿ ಅಪ್ಪ ಕ್ಲೀನರಿಗಾಗಲಿ, ಸ್ವಂತ ತಮ್ಮನಿಗಾಗಲಿ ತಮ್ಮ ಗಾಡಿಯ ಸ್ಟೇರಿಂಗ್ ಕೊಟ್ಟವರಲ್ಲ.

ದಿನವೂ ಇಂಥವನ್ನೇ ಓಡಿಸುವ ಅಂಗಡಿಯವನು ಒಂದು ಕ್ಷಣ ತಿರುಗಿ ನನ್ನನ್ನು ನೋಡಿದ. ಲಾರಿ ನೇರ ಹೋಗಿ ಚರಂಡಿಗೆ ಬಿತ್ತು.

"ತನೂ" ಎಂದು ಅಪ್ಪ ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಬಾರಮ್ಮ ಇಲ್ಲಿ. ಇವನೊಬ್ಬನ ಕೈಲಿ ಆಗಲ್ಲ ಇದು."

ನಾನು ಹೋದೆ. ಅವನು ಮುಂದಿನಿಂದ ಹಿಡಿದ, ನಾನು ಹಿಂದಿನಿಂದ. ಅಪ್ಪ ದಡದಲ್ಲಿ ನಿಂತು, ಎಡಗೈ ಎತ್ತಿ, ಹೀಗೆ ಬನ್ನಿ, ಹೀಗೆ, ಎಂದು ದಾರಿ ತೋರಿಸುತ್ತಿದ್ದರು.