ಕೆಂಪಕ್ಷರದ ಮೇಲ್

"ನನ್ನ ಸ್ಕ್ರಿಪ್ಟ್ ಮುಟ್ಟಿದ್ದು ಯಾರು?"

ರಜೆ ಮುಗಿಸಿ ಬಂದ ಬೆಳಿಗ್ಗೆಯೇ ಅವಳು ಹೀಗೆ ಕೇಳಿದ್ದೇ ತಡ, ಕೋಣೆಯಲ್ಲಿದ್ದವರೆಲ್ಲ ಕೀಬೋರ್ಡಿಗೆ ಮುಖ ಹುದುಗಿಸಿದರು. ಕಿಟಕಿ ಪಕ್ಕದಿಂದ ಒಬ್ಬ ಮಾತ್ರ ಎದ್ದು ನಿಂತ. ಅವಳಿಲ್ಲದಾಗ ಕೆಲಸಕ್ಕೆ ಸೇರಿದ್ದ ಹೊಸಬ.

"ನಾನೇ," ಎಂದ.

ಎಳೆಬಿಸಿಲು ಅವನ ಹೆಗಲ ಮೇಲೆ ಬಂದು ಕುಳಿತಿತ್ತು. ಜಗಳದ ಹೊತ್ತಿನಲ್ಲಿ ಇದೆಲ್ಲ ಯಾಕೆ ಕಣ್ಣಿಗೆ ಬೀಳಬೇಕು... ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅದು ದೊಡ್ಡ ಪ್ರಾಜೆಕ್ಟ್. ನೂರಾರು ಜನ ಬರೆದ ಕೋಡನ್ನು ದಿನವೂ ಒಟ್ಟುಗೂಡಿಸಿ, ಪರೀಕ್ಷಿಸಿ, ಒಂದೇ ಸಾಫ್ಟ್‌ವೇರ್ ಆಗಿ ಕಟ್ಟುವುದು ಅವಳ ಬಿಲ್ಡ್ ಸ್ಕ್ರಿಪ್ಟಿನ ಕೆಲಸ. ಅದನ್ನು ಮಗುವಿನಂತೆ ಸಾಕಿದ್ದಳು. ಯಾರ ಕೋಡಿನಿಂದ ಬಿಲ್ಡ್ ಮುರಿದರೂ ಅವರ ಹೆಸರು ಹೊತ್ತ ಕೆಂಪಕ್ಷರದ ಮೇಲ್ ಎಲ್ಲರಿಗೂ ಹೋಗುತ್ತಿತ್ತು. ಹೊಸಬ ಅದನ್ನು ತಿದ್ದಿದ್ದ. ಈಗ ಮೇಲ್ ಮೊದಲು ತಪ್ಪು ಮಾಡಿದವರೊಬ್ಬರಿಗೇ ಹೋಗುತ್ತಿತ್ತು. ಅವರು ಮಧ್ಯಾಹ್ನದೊಳಗೆ ಸರಿಪಡಿಸದಿದ್ದರೆ ಮಾತ್ರ ಉಳಿದವರಿಗೆ.

ತಾನಿಲ್ಲದ ದಿನಗಳಲ್ಲಿ ಹೆಚ್ಚು ಸಲ ಬಿಲ್ಡ್ ಮುರಿದವನು ಅವನೇ ಎಂಬುದೂ ಅವಳಿಗೆ ತಿಳಿಯಿತು.

"ನಿಮ್ಮ ತಪ್ಪು ಮುಚ್ಕೊಳ್ಳೋಕೆ ನನ್ನ ಕೆಲಸ ಹಾಳು ಮಾಡಿದ್ರಾ?" ಎಲ್ಲರೆದುರೇ ಕೇಳಿಬಿಟ್ಟಳು.

ಅವನು ಮೆಲ್ಲಗೆ ಕುಳಿತು ತನ್ನ ಕೆಲಸಕ್ಕೆ ತಿರುಗಿದ. ಅವಳು ಮ್ಯಾನೇಜರಿಗೆ ಹೇಳಿ, ಸ್ಕ್ರಿಪ್ಟ್ ಮುಟ್ಟುವ ಅವನ ಅನುಮತಿಯನ್ನು ತೆಗೆಸಿದಳು. ಕೆಂಪು ಮೇಲ್ ಮತ್ತೆ ಎಲ್ಲರಿಗೂ ಹೋಗತೊಡಗಿತು.

ಆದರೂ... ಅವಳ ಮಾನಿಟರಿಗೆ ಬಿಸಿಲು ಬಿದ್ದ ಕೂಡಲೇ ಅವನು ಸದ್ದಿಲ್ಲದೆ ಎದ್ದು ಕಿಟಕಿಯ ಪರದೆ ಇಳಿಸುವುದನ್ನು ಅವಳು ಕಂಡಳು. ಇಷ್ಟೆಲ್ಲ ಅಂದ ಮೇಲೂ! ಬಿಲ್ಡ್ ಸಾಗುವ ಹಸಿರು ಪಟ್ಟಿ ಮೆಲ್ಲಗೆ ಉದ್ದವಾಗುತ್ತಿದ್ದರೆ ಅವಳ ಮನಸ್ಸು ಎಲ್ಲೋ ತೇಲಿಹೋಗುತ್ತಿತ್ತು. ಆ ತೇಲುವಿಕೆಯ ದಡ ಪ್ರತಿಸಲವೂ ಕಿಟಕಿಯ ಪಕ್ಕವೇ ಇರುತ್ತಿತ್ತು.

ಒಂದು ದಿನ ಕೆಂಪು ಮೇಲ್‌ನಲ್ಲಿ ಟೆಸ್ಟಿಂಗ್ ವಿಭಾಗದಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವವರ ಹೆಸರು ಬಂತು. ಹೆರಿಗೆ ರಜೆ ಮುಗಿಸಿ ಬಂದಿದ್ದ ಅವರನ್ನು ನೋಡಿ, "ತೊಟ್ಟಿಲು ತೂಗಿ ನಿದ್ದೆಗೆಟ್ಟಿರಬೇಕು," ಎಂದು ಯಾರೋ ಅಂದರು. ನಗು ಹರಡಿತು. ಅಕ್ಕ ಎದ್ದು ಹೊರಗೆ ಹೋದರು.

ಅವಳು ಹಿಂದೆಯೇ ಹೋದಳು. ಮುಖ ತೊಳೆಯುತ್ತಲೇ ಅಕ್ಕ ಎಲ್ಲ ಹೇಳಿದರು. ಅವಳು ರಜೆಯಲ್ಲಿದ್ದಾಗ ದಿನವೂ ಹೀಗೇ ನಗೆಪಾಟಲಾಗಿ ಕೆಲಸ ಬಿಡಲು ಹೊರಟಿದ್ದರಂತೆ. ಅದನ್ನು ಕಂಡೇ ಹೊಸಬ ಮೇಲ್ ತಿದ್ದಿದ್ದನಂತೆ.

"ಯಾರಿಗೂ ಹೇಳ್ಬೇಡಪ್ಪ ಅಂತ ನಾನೇ ಕೈ ಮುಗಿದಿದ್ದೆ. ನೀನು ಅಷ್ಟು ಅಂದ್ರೂ ಬಾಯಿ ಬಿಡಲಿಲ್ಲ ನೋಡು. ಸೋಮವಾರದಿಂದ ಬೇರೆ ಟೀಮಿಗೆ ಹೋಗ್ತಾನಂತೆ."

ಸೋಮವಾರದಿಂದ ಆ ಕಿಟಕಿಯ ಪಕ್ಕ ಬರೀ ಕುರ್ಚಿ...

ಮೇಜಿಗೆ ಮರಳಿ, ಅವನು ಬರೆದ ಸಾಲುಗಳನ್ನೇ ಸ್ಕ್ರಿಪ್ಟಿಗೆ ಮತ್ತೆ ಸೇರಿಸಿದಳು. ಆಮೇಲೆ ಎದ್ದು ನಿಂತು, ತಾನು ಹೊಸಬನಿಗೆ ಅಂದದ್ದು ತಪ್ಪು, ಈ ಪದ್ಧತಿಯೇ ಸರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕನ ಮಾತೆತ್ತಲಿಲ್ಲ. ಅವನು ಮಾತ್ರ ಅಲ್ಲಿರಲಿಲ್ಲ.

ಸಿಕ್ಕಿದ್ದು ತಾರಸಿಯಲ್ಲಿ, ಇಳಿಬಿಸಿಲಿನಲ್ಲಿ. ಊರಿನ ಗಾಜುಗಳೆಲ್ಲ ಹೊನ್ನಾಗಿ ಹೊಳೆಯುತ್ತಿದ್ದವು. ಕ್ಷಮಿಸಿ ಎಂದಳು. ಅಕ್ಕ ಹೇಳಿದ್ದನ್ನೂ ತಾನು ಮಾಡಿದ್ದನ್ನೂ ತಿಳಿಸಿದಳು.

"ನನ್ನ ಮೇಲಿನ ಸಿಟ್ಟಿಗೆ ಹೋಗ್ತಿದ್ದೀರಾ?"

"ಸಿಟ್ಟೇನಿಲ್ಲ. ನಾನು ದಿನಾ ನಿಮ್ಮನ್ನ ಆಸೆಯಿಂದ ನೋಡೋದು, ನೀವು ನನ್ನನ್ನ ಕಳ್ಳನ ಥರ ನೋಡೋದು... ಅದನ್ನ ತಡ್ಕೊಳ್ಳೋಕಾಗಲಿಲ್ಲ."

ಗಾಳಿ ಕೂಡ ನಿಂತು ಕೇಳಿದಂತಿತ್ತು.

"ಈಗ ಹೇಗೆ ನೋಡ್ತಿದ್ದೀನಿ, ನೀವೇ ಹೇಳಿ," ಎಂದಳು ಮೆಲ್ಲಗೆ.

ಅವನು ನೋಡಿದ. ನೋಡುತ್ತಲೇ ಇದ್ದ.

"ಹೀಗಾದ್ರೆ ನಾನು ಎಲ್ಲಿಗೂ ಹೋಗಲ್ಲ. ಆದ್ರೆ ನನ್ನ ಕೋಡ್ ಇನ್ನೂ ಮುರೀತಾನೇ ಇರುತ್ತೆ."

"ಮುರೀಲಿ ಬಿಡು. ನನ್ನ ಪಕ್ಕದಲ್ಲೇ ಕೂತ್ಕೋ, ಇಬ್ಬರೂ ಸೇರಿ ಸರಿ ಮಾಡೋಣ."