ಕವಡೆ ಬಿದ್ದ ಹಾಗೆ

“ಆ ಬೂದಿ ನನಗೆ ನಾಟಲಿಲ್ಲ. ಹೊನ್ನಿಗೆ ಕೊಡೋ ಮುಂಚೆ ನೋಡಿ ಕೊಡಿ.”

ಸಣ್ಣವ್ವ ಗಂಡನಿಗೆ ಹೇಳಿದ ಕಡೆಯ ಮಾತು ಇದು. ಆಮೇಲೆ ಅವಳ ತುಟಿಯೂ ಕಲ್ಲಾಯಿತು.

ಮರಗಳು ನಡೆಯುತ್ತಿದ್ದ, ಕರಡಿಗಳು ಮಾತಾಡುತ್ತಿದ್ದ ಕಾಲ ಅದು. ಮಿಂಚುಳ್ಳಿ ಎಂಬ ರಾಜ್ಯ. ಅಲ್ಲಿ ಹೊಳೆ ದಾಟಿಸುವ ಅಂಬಿಗ ಮಾಳಿಂಗ. ಸಣ್ಣವ್ವ ಅವನ ಹೆಂಡತಿ. ಹೊನ್ನಿ ಒಬ್ಬಳೇ ಮಗಳು.

ಆ ರಾಜ್ಯಕ್ಕೆ ಕಲ್ಲುಜ್ವರ ಬಂದಿತ್ತು. ಮೊದಲು ಪಾದ ಕಲ್ಲಾಗುತ್ತದೆ. ಆಮೇಲೆ ಮೊಣಕಾಲು. ಆಮೇಲೆ ಸೊಂಟ. ತುಟಿಗೆ ಬಂದರೆ ಮುಗಿಯಿತು.

ಮದ್ದು ಎರಡು. ಭಸ್ಮಾಂಗನೆಂಬ ಮಾಯಾವಿಯ ಬೂದಿ ಒಂದು. ಕಾಡಿನ ಕರಡಿಯಜ್ಜಿಯ ಸೊಪ್ಪಿನ ಕಷಾಯ ಇನ್ನೊಂದು. ಭಸ್ಮಾಂಗ ಗಟ್ಟಿಮುಟ್ಟಾದವರನ್ನು ಆರಿಸಿ ಬೂದಿ ಕೊಡುತ್ತಿದ್ದ. ಸೊಂಟ ಕಲ್ಲಾದವರನ್ನು ಕರಡಿಯ ಹತ್ತಿರ ಅಟ್ಟುತ್ತಿದ್ದ. ಬೂದಿ ತಿಂದೂ ಸಣ್ಣವ್ವನಂಥವರು ಸತ್ತರೆ, “ತಡವಾಗಿ ಬಂದಳು” ಅನ್ನುತ್ತಿದ್ದ.

ದೊರೆ ನೋಡಿದ. ಬೂದಿ ತಿಂದವರು ಹೆಚ್ಚಾಗಿ ಬದುಕುತ್ತಿದ್ದರು. ಕಷಾಯ ಕುಡಿದವರು ಸಾಯುತ್ತಿದ್ದರು. “ಕರಡಿಯ ಕಾಡು ಸುಡಿ. ಇನ್ನು ಎಲ್ಲರಿಗೂ ಬೂದಿಯೇ” ಎಂದ.

ಅದೇ ದಿನ ಹೊನ್ನಿಯ ಪಾದ ಕಲ್ಲಾಯಿತು.

ಮಾಳಿಂಗ ಅರಮನೆಗೆ ಹೋದ.

“ದೊರೆಯೇ, ಸುಡುವ ಮುಂಚೆ ಒಂದು ಸಲ ಸರಿಯಾಗಿ ನೋಡೋಣ.”

“ಕಷಾಯವೇ ಒಳ್ಳೇದು ಅಂತೀಯೇನು?”

“ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅದಕ್ಕೇ ಬಂದೆ. ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು. ಹುಣ್ಣಿಮೆಗೆ ನೋಡೋಣ.”

ದೊರೆ ಒಪ್ಪಿದ. ಭಸ್ಮಾಂಗ ನಕ್ಕ.

ಅಂಬಿಗನಿಗೆ ಸಾಲೇ ನ್ಯಾಯ. ಮಾಳಿಂಗ ದೋಣಿಗೆ ಹತ್ತಿಸುವ ಹಾಗೆ ರೋಗಿಗಳನ್ನು ಸಾಲಾಗಿ ಕೂರಿಸಿದ. ಒಬ್ಬರಿಗೆ ಬೂದಿ, ಪಕ್ಕದವರಿಗೆ ಕಷಾಯ ಎಂದ. ಅಷ್ಟರಲ್ಲಿ ಭಸ್ಮಾಂಗನ ಶಿಷ್ಯರು ಸಾಲನ್ನು ಹಿಂದೆಮುಂದೆ ಮಾಡಿದರು. ಬೂದಿಯ ಸರದಿಗೆಲ್ಲ ಕುಸ್ತಿಯಾಳುಗಳು. ಕಷಾಯದ ಸರದಿಗೆಲ್ಲ ಹಣ್ಣು ಮುದುಕರು.

ಕರಡಿಯಜ್ಜಿ ಗುರುಗುಟ್ಟಿದಳು. “ಲೋ ಅಂಬಿಗ! ಮುಂದಿನದು ಯಾವುದು ಅಂತ ಗೊತ್ತಿದ್ದರೆ ಕಳ್ಳ ಸುಮ್ಮನಿರ್ತಾನೇನೋ?”

ಮಾಳಿಂಗ ತಲೆ ಕೆರೆದುಕೊಂಡ. ಮನೆಗೆ ಹೋಗಿ ಸಣ್ಣವ್ವ ಚೌಕಾಬಾರ ಆಡುತ್ತಿದ್ದ ಕವಡೆ ತಂದ. ರೋಗಿ ಬಂದ ಮೇಲೆಯೇ ಕವಡೆ ಎಸೆಯುವುದು. ಅಂಗಾತ ಬಿದ್ದರೆ ಕಷಾಯ. ಬೋರಲು ಬಿದ್ದರೆ ಬೂದಿ. ಕವಡೆಗೆ ಕುಸ್ತಿಯಾಳೂ ಒಂದೇ, ಮುದುಕನೂ ಒಂದೇ.

ಭಸ್ಮಾಂಗ ಆಗ ಬೂದಿಯನ್ನು ಚಿನ್ನದ ಬಟ್ಟಲಲ್ಲಿಟ್ಟ. ಬಟ್ಟಲು ನೋಡಿಯೇ ಜನ, “ಅಬ್ಬಾ, ಕಾಲು ಹಗುರಾಯ್ತು” ಅಂದರು. ಕಲ್ಲು ಹಾಗೇ ಇತ್ತು.

ಮಾಳಿಂಗ ಪರದೆ ಕಟ್ಟಿದ. ಎರಡು ಮದ್ದನ್ನೂ ಬೇವಿನ ನೀರಲ್ಲಿ ಕದಡಿ, ಒಂದೇ ಥರದ ಮಣ್ಣಿನ ಕುಡಿಕೆಗಳಿಗೆ ಹುಯ್ದ.

“ನನ್ನ ಕಷಾಯಕ್ಕೂ ಬೇವೇ? ಇರೋ ಕಹಿ ಸಾಲದೇನೋ?” ಎಂದಳು ಕರಡಿಯಜ್ಜಿ.

“ಸುಮ್ಮನಿರಜ್ಜಿ. ಯಾವುದು ಯಾರದು ಅಂತ ಕುಡಿದವರಿಗೆ ತಿಳೀಬಾರದು.”

ಭಸ್ಮಾಂಗ ಮೂರನೇ ಸಲ ಬಂದ. “ಯಾರು ವಾಸಿಯಾದರು ಅಂತ ನನ್ನ ಶಿಷ್ಯರು ನೋಡಿ ಹೇಳ್ತಾರೆ.”

“ಬೇಡ ಬುದ್ಧಿ. ದೊರೆಯ ತಾಯಿ ನೋಡಲಿ. ಯಾರು ಏನು ಕುಡಿದರು ಅಂತ ಅವರಿಗೆ ಹೇಳೋದು ಬೇಡ.”

ಮಾಳಿಂಗ ಪರದೆಯ ಹಿಂದೆ ಕೂತು ಕವಡೆ ಎಸೆದ, ಸಂದಿಯಿಂದ ಮುಖ ನೋಡಿ ಕುಡಿಕೆ ಕೊಟ್ಟ. ಯಾರಿಗೆ ಯಾವುದೆಂದು ಅವನಿಗೊಬ್ಬನಿಗೇ ಗೊತ್ತು. ಅಂಬಿಗ ಒಮ್ಮೆ ಕಂಡ ಮುಖ ಮರೆಯುವುದಿಲ್ಲ.

ಹೊನ್ನಿಯ ಸರದಿ ಬಂತು. ಕವಡೆ ಬೋರಲು ಬಿತ್ತು.

ಬೂದಿ.

ಯಾರೂ ನೋಡುತ್ತಿರಲಿಲ್ಲ. ಮಾಳಿಂಗ ಕವಡೆ ಎತ್ತಿಕೊಂಡ. ಮುಷ್ಟಿಯಲ್ಲಿ ಕುಲುಕಿದ.

ಪರದೆಯ ಆಚೆಯಿಂದ ಹೊನ್ನಿ ಕೇಳಿದಳು. “ಯಾಕಪ್ಪಾ ತಡ?”

“ಏನಿಲ್ಲ ಮಗಾ.”

“ಅವ್ವನ ಹತ್ರ ಸೋಲುವಾಗ ಮತ್ತೆ ಎಸೀತಿದ್ದೆಯಲ್ಲ, ಹಾಗೆ ಮಾಡಬೇಡ. ಇಲ್ಲಿ ಕೂತವರೆಲ್ಲ ಯಾರದ್ದೋ ಮಕ್ಕಳೇ.”

ಮಾಳಿಂಗ ಕವಡೆ ಕೆಳಗಿಟ್ಟ. ಬೂದಿಯ ಕುಡಿಕೆ ಕೊಟ್ಟ. ಅವಳು ಗಟಗಟ ಕುಡಿದಳು.

ದಿನ ಕಳೆದವು. ಅವಳ ಮೊಣಕಾಲು ಕಲ್ಲಾಯಿತು. ಸೊಂಟ ಕಲ್ಲಾಯಿತು. ಮಾಳಿಂಗ ದಿನಾ ಅವಳನ್ನು ಹೊತ್ತು ತಂದು ಅದೇ ಮದ್ದು ಕುಡಿಸಿದ.

ಹುಣ್ಣಿಮೆ ಬಂತು. ದೊರೆಯ ತಾಯಿ ಕೋಲು ಹಿಡಿದು ಬಂದಳು. ಒಬ್ಬೊಬ್ಬರ ಕಾಲಿಗೂ ಒಂದು ಪೆಟ್ಟು. “ಟಕ್” ಅಂದರೆ ಕಲ್ಲು. “ಅಯ್ಯೋ” ಅಂದರೆ ಕಾಲು. ಅಯ್ಯೋ ಅಂದವರನ್ನು ಬಲಕ್ಕೆ, ಉಳಿದವರನ್ನು ಎಡಕ್ಕೆ ಕೂರಿಸಿದರು. ಹೊನ್ನಿ ಎಡಕ್ಕೆ ಹೋದಳು.

“ಈಗ ಹೇಳು” ಎಂದ ದೊರೆ.

ಮಾಳಿಂಗ ಒಂದೊಂದೇ ಮುಖ ನೋಡಿ ಹೇಳಿದ. ಬೂದಿ ಕುಡಿದು ಎದ್ದವರೂ ಇದ್ದರು. ಕಷಾಯ ಕುಡಿದು ಏಳದವರೂ ಇದ್ದರು. ಆದರೆ ಬಲಗಡೆ ಕೂತವರಲ್ಲಿ ಕಷಾಯದವರೇ ಕಿಕ್ಕಿರಿದಿದ್ದರು. ಎಡಗಡೆ ಬೂದಿಯವರೇ ತುಂಬಿದ್ದರು. ದೊರೆ ಎರಡೂ ಕಡೆ ನೋಡಿದ. ಕೊನೆಗೆ ಹೊನ್ನಿಯನ್ನು ನೋಡಿದ.

“ನಿನ್ನ ಮಗಳಿಗೂ ಬೂದಿಯೇ?”

“ಕವಡೆ ಹಾಗೆ ಬಿತ್ತು, ದೊರೆಯೇ.”

ದೊರೆ ಸಿಂಹಾಸನದಿಂದ ಎದ್ದು ನಿಂತ. ಸಭೆಯೂ ಎದ್ದು ನಿಂತಿತು.

ಭಸ್ಮಾಂಗನ ಬಲವೆಲ್ಲ ಜನರ ನಂಬಿಕೆಯಲ್ಲಿತ್ತು. ಅದು ಹೋಯಿತು. ಅವನು ನಿಂತಲ್ಲೇ ಒಂದು ಹಿಡಿ ಬೂದಿಯಾದ. ಗಾಳಿ ಬಂತು, ಅದೂ ಹೋಯಿತು.

ಕರಡಿಯಜ್ಜಿ ಎಡಗಡೆಯವರಿಗೆಲ್ಲ ಕಷಾಯ ಕುಡಿಸಿದಳು. ಬೇವು ಹಾಕಲಿಲ್ಲ. ಸಂಜೆಯ ಹೊತ್ತಿಗೆ ಹೊನ್ನಿ “ಅಯ್ಯೋ” ಅಂದಳು. ಕಾಡು ಉಳಿಯಿತು. ಆ ರಾಜ್ಯದಲ್ಲಿ ಕಲ್ಲು ಕಲ್ಲಾಗಿ, ಜನ ಜನರಾಗಿ ಸುಖವಾಗಿ ಬಾಳಿದರು.

ಮಾರನೆಯ ಬೆಳಿಗ್ಗೆ ಮಾಳಿಂಗ ಹೊಳೆಯಾಚೆಯ ಊರಿಗೆ ಕಷಾಯದ ಮಡಕೆಗಳನ್ನು ದೋಣಿಗೆ ತುಂಬಿದ. ಹೊನ್ನಿಯನ್ನು ಮುಂದೆ ಕೂರಿಸಿದ. “ಇವಳು ನನ್ನ ಮಗಳು” ಎಂದು ದೋಣಿಯಲ್ಲಿದ್ದವರಿಗೆಲ್ಲ ಹೇಳಿದ, ಕೇಳದವರಿಗೂ ಹೇಳಿದ. ಆಮೇಲೆ ಹುಟ್ಟು ಹಾಕಿದ.